ಹಲ್ಲಿನ ಪಾಚಿ ನೋಡಿ ಹಳೇ ಕಾಲದವರ ಊಟ ಹೇಳ್ತಾರಂತೆ, ನಂಬೋದು ಹೇಗೆ?

ಅರ್ಧಜ್ಞಾನಿ · ಭಾನುವಾರ ರಾತ್ರಿ 9:10
ಎಲ್ಲರಿಗೂ ನಮಸ್ಕಾರ. ಇದು ಜಗಳದಿಂದ ಹುಟ್ಟಿದ ಪ್ರಶ್ನೆ, ಮೊದಲೇ ಹೇಳಿಬಿಡುತ್ತೇನೆ. ಮೊನ್ನೆ ಒಂದು ವಿಡಿಯೋ ನೋಡಿದೆ. ನಿಯಾಂಡರ್ತಾಲ್ ಮನುಷ್ಯರು, ಅಂದರೆ ಈಗ ಅಳಿದುಹೋದ ಒಂದು ಹಳೇ ಮಾನವ ಜಾತಿಯವರು, ಕಾಳು ಬೇಯಿಸಿ ತಿನ್ನುತ್ತಿದ್ದರಂತೆ. ಅದು ಗೊತ್ತಾಗಿದ್ದು ಅವರ ಹಲ್ಲಿಗೆ ಅಂಟಿದ ಪಾಚಿಯಿಂದ. ಪಾಚಿಯೊಳಗೆ ಸಿಕ್ಕಿದ್ದಾದರೂ ಏನು? ಒಂದು ಮಿಲಿಮೀಟರನ್ನು ನೂರು ಪಾಲು ಮಾಡಿದರೆ ಅದರಲ್ಲಿ ಒಂದೆರಡು ಪಾಲಿನಷ್ಟು ದೊಡ್ಡ ಕಣ.

ಇದನ್ನು ನಮ್ಮ ಭಾವನಿಗೆ ಹೇಳಿದೆ. "ಮೊನ್ನೆ ಏನು ತಿಂದೆ ಅಂತ ನಿನಗೇ ನೆನಪಿಲ್ಲ, 40 ಸಾವಿರ ವರ್ಷದ ಹಿಂದಿನವನ ಊಟ ಇವರಿಗೆ ಗೊತ್ತಾಯ್ತಾ?" ಅಂತ ನಕ್ಕುಬಿಟ್ಟರು. ನನಗೆ ಉತ್ತರ ಹೊಳೆಯಲಿಲ್ಲ. ಅಷ್ಟು ಸಣ್ಣ ಕಣ ಕೊಳೆಯದೆ ಉಳಿದಿದ್ದು ಹೇಗೆ? ಅದು ಇಂಥದ್ದೇ ಗಿಡದ್ದು, ಅದರಲ್ಲೂ ಬೇಯಿಸಿದ್ದು ಅಂತ ಹೇಳುವುದು ಹೇಗೆ? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ. ಭಾವನ ಮುಂದೆ ಮಾನ ಉಳಿಯಬೇಕು.

ನಿದ್ದೆಗೆಟ್ಟವ · 9:14
ಅಂದರೆ ಹಲ್ಲುಜ್ಜದವರೇ ಇತಿಹಾಸದಲ್ಲಿ ಉಳಿಯೋದು. ನನಗೆ ಒಳ್ಳೇ ಭವಿಷ್ಯ ಇದೆ.

ಜರಡಿ_ಅಕ್ಕ · 9:41
ನಾನು ಇದೇ ಕೆಲಸದಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಮಣ್ಣು ಜಾಲಿಸೋದು, ಜರಡಿ ಹಿಡಿಯೋದು, ಆಮೇಲೆ ಕುತ್ತಿಗೆ ಹಿಡಿದುಕೊಳ್ಳುವ ತನಕ ಮೈಕ್ರೋಸ್ಕೋಪ್ ಮುಂದೆ ಕೂರೋದು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸಿ.

ನೀವು ಹೇಳಿದ ಕಣ ಪಿಷ್ಟದ್ದು, ಅಂದರೆ ಸ್ಟಾರ್ಚ್. ಗಿಡಗಳು ಪಿಷ್ಟವನ್ನು ಸಣ್ಣ ಸಣ್ಣ ಕಣಗಳಾಗಿ ಕೂಡಿಡುತ್ತವೆ. ಕಾಳಿನಲ್ಲಿ, ಗೆಡ್ಡೆಯಲ್ಲಿ, ಬೇರಿನಲ್ಲಿ. ಆಲೂಗಡ್ಡೆಯ ಕಣ ದೊಡ್ಡದು, ಮೊಟ್ಟೆ ಆಕಾರದ್ದು. ಗೋಧಿಯಲ್ಲಿ ಎರಡು ಅಳತೆ: ಚಪ್ಪಟೆ ಬಿಲ್ಲೆಯಂಥವು ಒಂದಿಷ್ಟು, ನಡುವೆ ಪುಟ್ಟ ಗುಂಡುಗಳು ಒಂದಿಷ್ಟು. ಅಕ್ಕಿಯದು ತೀರಾ ಚಿಕ್ಕದು, ಒಂದಕ್ಕೊಂದು ಒತ್ತಿಕೊಂಡು ಮೂಲೆ ಮೂಲೆಯಾಗಿರುತ್ತದೆ. ಹೀಗೆ ಅಚ್ಚು ಬೇರೆ ಬೇರೆ. ಆದರೆ ಹತ್ತಿರದ ಸಂಬಂಧಿ ಗಿಡಗಳ ಕಣಗಳು ಅಣ್ಣತಮ್ಮಂದಿರ ಹಾಗೆ, ಗುರುತು ಹಿಡಿಯೋದು ಕಷ್ಟ. ಅದಕ್ಕೇ ನಾವು "ಗೋಧಿ, ಬಾರ್ಲಿ ಇರುವ ಗುಂಪಿನದು" ಅಂತ ಬರೆದು ಸುಮ್ಮನಾಗುವುದೇ ಜಾಸ್ತಿ.

ಮೈಕ್ರೋಸ್ಕೋಪಿನಲ್ಲಿ ಎರಡು ಪೋಲರೈಸರ್ ಗಾಜುಗಳನ್ನು (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವಂಥವು) ಒಂದಕ್ಕೊಂದು ಅಡ್ಡ ಇಟ್ಟರೆ ಹಿನ್ನೆಲೆ ಪೂರ್ತಿ ಕಪ್ಪಾಗುತ್ತದೆ. ಆ ಕತ್ತಲಲ್ಲಿ ಪಿಷ್ಟದ ಕಣ ಬೆಳ್ಳಗೆ ಹೊಳೆಯುತ್ತದೆ, ಮೈಮೇಲೆ ಕಪ್ಪು ಶಿಲುಬೆ ಎಳೆದ ಹಾಗೆ. ಕಣವನ್ನು ಉರುಳಿಸಿದರೆ ಶಿಲುಬೆಯ ಕೈಗಳು ಬಾಗುತ್ತವೆ, ತಿರುಚಿಕೊಳ್ಳುತ್ತವೆ. ಮೊದಲ ಸಲ ನೋಡಿದ ದಿನ ನಾನು ಮಧ್ಯಾಹ್ನದ ಊಟ ಮರೆತಿದ್ದೆ.

ಇನ್ನು ಬೇಯಿಸಿದ್ದರ ವಿಷಯ. ನೀರಿನ ಜೊತೆ ಸುಮಾರು 60ರಿಂದ 70 ಡಿಗ್ರಿ ಬಿಸಿ ಮುಟ್ಟಿದರೆ ಕಣ ಉಬ್ಬುತ್ತದೆ, ಒಳಗಿನ ಜೋಡಣೆ ಕೆಡುತ್ತದೆ, ಶಿಲುಬೆ ಮಾಯ. ಗಂಜಿ ಮಂದವಾಗುವುದೂ ಇದರಿಂದಲೇ. ಪೂರ್ತಿ ಬೆಂದರೆ ಗುರುತೇ ಸಿಗದು. ಆದರೆ ಪಾತ್ರೆಯಲ್ಲಿ ಎಲ್ಲಾ ಕಣವೂ ಒಂದೇ ಹದಕ್ಕೆ ಬೇಯುವುದಿಲ್ಲ ನೋಡಿ. ಅರೆಬೆಂದವು ಸಿಕ್ಕರೆ ನಮ್ಮ ಅದೃಷ್ಟ.

ನೀವು ನೋಡಿದ ವಿಡಿಯೋ ಅಮಾಂಡಾ ಹೆನ್ರಿ ಮತ್ತು ಜೊತೆಗಾರರು 2011ರಲ್ಲಿ ಪ್ರಕಟಿಸಿದ ಕೆಲಸದ ಬಗ್ಗೆ ಇರಬೇಕು. ಇರಾಕಿನ ಶಾನಿದಾರ್ ಗುಹೆ, ಬೆಲ್ಜಿಯಂನ ಸ್ಪೀ ಗುಹೆ, ಈ ಎರಡು ಕಡೆಯ ನಿಯಾಂಡರ್ತಾಲ್ ಹಲ್ಲುಗಳು. ಶಾನಿದಾರ್‌ನಲ್ಲಿ ಬಾರ್ಲಿ ಜಾತಿಯ ಕಾಡುಹುಲ್ಲಿನ ಪಿಷ್ಟ ಸಿಕ್ಕಿತು, ಅದರಲ್ಲಿ ಕೆಲವು ಬೆಂದ ಹಾಗೆ ಕೆಟ್ಟಿದ್ದವು. ಖರ್ಜೂರದ ಗುರುತೂ ಇತ್ತು.

ಹಲ್ಲುಡಾಕ್ಟ್ರು · 10:02
ಕೊಳೆಯದೆ ಹೇಗೆ ಉಳಿಯಿತು ಅನ್ನೋದು ನನ್ನ ಇಲಾಖೆ.

ನಮ್ಮ ಎಂಜಲಿನಲ್ಲಿ ಕ್ಯಾಲ್ಸಿಯಂ, ಫಾಸ್ಫೇಟ್ ಇರುತ್ತವೆ. ಹಲ್ಲಿನ ಮೇಲಿನ ಮೆತ್ತನೆ ಪಾಚಿಯನ್ನು ಉಜ್ಜದೆ ಬಿಟ್ಟರೆ ಅವು ಅದರೊಳಗೆ ಇಳಿದು ಕಲ್ಲಾಗಿಸುತ್ತವೆ. ಅದರ ಮೇಲೆ ಮತ್ತೆ ಪಾಚಿ, ಮತ್ತೆ ಕಲ್ಲು. ಕೆಳಗಿನ ಮುಂದಿನ ಹಲ್ಲುಗಳ ಹಿಂಭಾಗಕ್ಕೆ ನಾಲಿಗೆ ಆಡಿಸಿ ನೋಡಿ, ಒರಟಾಗಿ ತಾಗುತ್ತದೆಯಾ? ಎಂಜಲು ಸುರಿಯುವ ಬಾಯಿ ಅಲ್ಲೇ ಹತ್ತಿರ ಇರೋದು, ಅದಕ್ಕೇ ಅಲ್ಲಿ ಜಾಸ್ತಿ. ಸ್ಕೇಲರ್ ಹಾಕಿ ಮೀಟಿದರೆ ಟಕ್ ಅಂತ ಚಿಪ್ಪು ಹಾರುತ್ತದೆ, ಒಮ್ಮೊಮ್ಮೆ ನನ್ನ ಕನ್ನಡಕಕ್ಕೇ ಬಡಿಯುತ್ತದೆ. ಆ ಚಿಪ್ಪಿನೊಳಗೆ ಸಿಕ್ಕಿಕೊಂಡ ಕಣಕ್ಕೆ ನೀರು, ಮಣ್ಣಿನ ಹುಳ, ಬ್ಯಾಕ್ಟೀರಿಯಾ ಸುಲಭಕ್ಕೆ ತಾಗುವುದಿಲ್ಲ. ಬದುಕಿರುವಾಗಲೇ ಬಾಯಲ್ಲಿ ಸಮಾಧಿ ಕಟ್ಟಿದ ಹಾಗೆ.

ಒಂದು ಎಚ್ಚರ. ಬಾಯೊಳಗೆ ಹೋಗುವುದೆಲ್ಲ ಊಟವಲ್ಲ. ಧೂಳು, ಹೊಗೆ, ಹಲ್ಲಲ್ಲಿ ಕಚ್ಚಿ ಎಳೆದ ನಾರು, ಹಲ್ಲು ಕೆದಕಿದ ಕಡ್ಡಿ, ಎಲ್ಲವೂ ಅಲ್ಲೇ ಕೂರುತ್ತವೆ.

ಸಂಶಯಪ್ಪ · 10:15
ಡಾಕ್ಟ್ರ ಕೊನೇ ಸಾಲಿಗೆ ನನ್ನ ಓಟು. ಇನ್ನೂ ಒಂದು ಕೇಳುತ್ತೇನೆ. ಪಿಷ್ಟ ಎಲ್ಲಿಲ್ಲ ಹೇಳಿ? ಬಟ್ಟೆಗೆ ಹಾಕುವ ಗಂಜಿಯಲ್ಲಿದೆ, ಕಾಗದದಲ್ಲಿದೆ, ಮಾತ್ರೆಯಲ್ಲಿದೆ, ಗಾಳಿಯ ಧೂಳಿನಲ್ಲಿದೆ. ಮ್ಯೂಸಿಯಂನಲ್ಲಿ ನೂರು ಜನ ಮುಟ್ಟಿದ ತಲೆಬುರುಡೆ ಅದು. ಬಿಸ್ಕತ್ತು ತಿಂದ ಕೈಯಲ್ಲಿ ಯಾರೋ ಹಿಡಿದರು ಅಂದುಕೊಳ್ಳಿ, ನಾಳೆ ಪತ್ರಿಕೆಯಲ್ಲಿ "ಆದಿಮಾನವರ ಬಿಸ್ಕತ್ತು" ಅಂತ ಬರುತ್ತದೆ. ತಪ್ಪಾ ನಾನು ಹೇಳಿದ್ದು?

ಜರಡಿ_ಅಕ್ಕ · 10:33
ತಪ್ಪಿಲ್ಲ ಸಂಶಯಪ್ಪನವರೇ. ಹೊಟ್ಟೆ ಉರಿಯುವಷ್ಟು ಸರಿ.

ನನ್ನ ಮೊದಲ ಕೆಲಸದ ಲ್ಯಾಬಿನ ಕಥೆ ಇದು, ಹೆಸರು ಬೇಡ. ಬೀಸುವ ಕಲ್ಲಿನ ತುಂಡೊಂದನ್ನು ತೊಳೆದ ನೀರಿನಲ್ಲಿ ಚೆಂದದ ಮೆಕ್ಕೆಜೋಳದ ಕಣ ಸಿಕ್ಕಿತು. ಆಮೇಲೆ ಇನ್ನೊಂದು, ಮತ್ತೊಂದು. ಕಲ್ಲಿನ ಕಾಲಕ್ಕೆ ಮೆಕ್ಕೆಜೋಳ ಅಮೆರಿಕ ಖಂಡ ಬಿಟ್ಟು ಆಚೆ ಬಂದೇ ಇರಲಿಲ್ಲ. ಎರಡು ದಿನ ನಮ್ಮ ತಲೆ ತಿರುಗಿತು. ಮೂರನೇ ದಿನ ನಮ್ಮ ಹಿರಿಯರೊಬ್ಬರು ಒಂದು ಮಾತೂ ಆಡದೆ ಹೊಸ ಕೈಗವಸಿನ ಪೊಟ್ಟಣ ಒಡೆದು, ಒಂದನ್ನು ಶುದ್ಧ ನೀರಿನಲ್ಲಿ ಅಲುಗಾಡಿಸಿ, ಆ ನೀರನ್ನು ಸ್ಲೈಡ್ ಮೇಲೆ ಹಾಕಿ ನನ್ನ ಮುಂದಿಟ್ಟರು. ಆಕಾಶದ ತುಂಬಾ ನಕ್ಷತ್ರ! ಕೈಗವಸು ಅಂಟದೆ ಇರಲಿ ಅಂತ ಹಾಕಿದ ಪುಡಿ ಅದು.

ಆಮೇಲೆ 2014ರಲ್ಲಿ ಆಲಿಸನ್ ಕ್ರೌದರ್ ಮತ್ತು ಜೊತೆಗಾರರು ಪುರಾತನ ಪಿಷ್ಟದ ಲ್ಯಾಬುಗಳನ್ನೇ ಪರೀಕ್ಷೆಗೆ ಒಡ್ಡಿ ಬರೆದರು. ಕೈಗವಸು, ಲ್ಯಾಬಿನ ಸಾಮಾನು, ಗಾಳಿಯ ಧೂಳು, ಎಲ್ಲ ಕಡೆ ಪಿಷ್ಟ. ಗೋಧಿ, ಮೆಕ್ಕೆಜೋಳ, ಆಲೂಗಡ್ಡೆ. ಅದನ್ನು ಓದಿ ಎಷ್ಟೋ ಜನ ತಮ್ಮ ಹಳೇ ಸ್ಲೈಡ್ ಪೆಟ್ಟಿಗೆಯನ್ನು ಅನುಮಾನದಿಂದ ನೋಡಿರುತ್ತಾರೆ. ಈಗ ನಾವು ಪುಡಿಯಿಲ್ಲದ ಕೈಗವಸು ಬಳಸುತ್ತೇವೆ. ಪ್ರತಿ ಸಲ ಒಂದು ಖಾಲಿ ಸ್ಲೈಡನ್ನೂ ಅದೇ ದಾರಿಯಲ್ಲಿ ನಡೆಸುತ್ತೇವೆ. ಅದರಲ್ಲಿ ಏನಾದರೂ ಸಿಕ್ಕರೆ ಆ ದಿನದ ಕೆಲಸ ಅಷ್ಟೇ. ಹಲ್ಲಿನ ಪಾಚಿಯ ಹೊರಮೈಯನ್ನು ಮೊದಲು ತೊಳೆದು, ಆ ನೀರನ್ನು ಬೇರೆಯಾಗಿ ನೋಡುತ್ತೇವೆ. ಆಮೇಲಷ್ಟೇ ಒಳಗಿನದನ್ನು ಸಣ್ಣ ಪ್ರಮಾಣದ ಆಮ್ಲದಲ್ಲಿ ಕರಗಿಸುವುದು.

ಸಂಶಯಪ್ಪ · 10:37
2014ರ ನಂತರ ಸರಿ. ಅದಕ್ಕೂ ಮುಂಚಿನವು?

ಜರಡಿ_ಅಕ್ಕ · 10:39
ಒಂದೊಂದಾಗಿ ನೋಡಬೇಕು. ಎಲ್ಲವನ್ನೂ ಕಸದ ಬುಟ್ಟಿಗೆ ಹಾಕುವುದೂ ತಪ್ಪು, ಕಣ್ಣಿಗೆ ಒತ್ತಿಕೊಳ್ಳುವುದೂ ತಪ್ಪು.

ಕರಕಲು_ಕಾಳು · ಸೋಮವಾರ ಬೆಳಿಗ್ಗೆ 7:20
ಎಲ್ಲರೂ ಪಿಷ್ಟದ ಹಿಂದೆ ಬಿದ್ದಿದ್ದೀರಿ. ನಮ್ಮ ಕರಕಲನ್ನು ಮರೆಯಬೇಡಿ. ಕಾಳು ಒಲೆಗೆ ಬಿದ್ದು ಪೂರ್ತಿ ಬೂದಿಯಾಗದೆ ಇದ್ದಿಲಾದರೆ ಸಾವಿರಾರು ವರ್ಷ ಕೂರುತ್ತದೆ. ಅಗೆದ ಮಣ್ಣನ್ನು ನೀರಿಗೆ ಹಾಕಿ ಕಲಕಿದರೆ ಕರಕಲು ತೇಲಿ ಬರುತ್ತದೆ, ಜರಡಿಯಲ್ಲಿ ಹಿಡಿಯೋದು ಅಷ್ಟೇ. ನೋಡುವುದಕ್ಕೆ ಇಲಿ ಹಿಕ್ಕೆ ಥರ ಇರುತ್ತದೆ. ಮೈಕ್ರೋಸ್ಕೋಪಿನಡಿ ಇಟ್ಟರೆ ಸಿಪ್ಪೆಯ ನೇಯ್ಗೆ ಸಹಿತ ಕಾಣುತ್ತದೆ.

ನನಗೆ ಅತಿ ಇಷ್ಟವಾದದ್ದು ಜೋರ್ಡನ್ನಿನ ಶುಬೈಕಾ 1 ಅನ್ನುವ ಅಗೆತದ ಜಾಗ. ಅಲ್ಲಿನ ಒಲೆಗಳಲ್ಲಿ ಸುಮಾರು 14,400 ವರ್ಷ ಹಳೆಯ ಕರಕಲು ಚೂರುಗಳು ಸಿಕ್ಕವು. ಅಮೈಯಾ ಅರಾಂಝ್ ಒಟೇಗಿ ಮತ್ತು ಜೊತೆಗಾರರು 24 ಚೂರುಗಳನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿ 2018ರಲ್ಲಿ ಬರೆದರು: ಇದು ರೊಟ್ಟಿ. ಒಳಗೆ ಗುಳ್ಳೆ ಗುಳ್ಳೆ ತೂತು, ಬೀಸಿ ಜರಡಿ ಹಿಡಿದ ಹಾಗಿದ್ದ ಹಿಟ್ಟಿನ ಚೂರು. ಕಾಡುಗೋಧಿ, ಬಾರ್ಲಿ ಜಾತಿಯ ಕಾಳಿನ ಜೊತೆ ಒಂದು ಜೌಗುಹುಲ್ಲಿನ ಗೆಡ್ಡೆಯನ್ನೂ ಸೇರಿಸಿದ್ದರು. ಆ ಜನ ಬೇಸಾಯಗಾರರಲ್ಲ, ಅಲ್ಲಿ ಬೇಸಾಯ ಶುರುವಾಗುವುದಕ್ಕೆ ಇನ್ನೂ ಸುಮಾರು 4,000 ವರ್ಷ ಬಾಕಿ ಇತ್ತು! ಮೊದಲು ಹೊಲ, ಆಮೇಲೆ ರೊಟ್ಟಿ ಅಂತ ನಾವು ಓದಿದ್ದು ಉಲ್ಟಾ ಆಯಿತು. ಯಾರೋ ಒಲೆಯ ಮೇಲೆ ಮರೆತು ಸೀಯಿಸಿದ್ದಕ್ಕೆ ನಮಗೆ ಇಷ್ಟು ಗೊತ್ತಾಯಿತು.

ಬರೀ_ಓದುಗ · 7:48
ಹಾಗಾದರೆ ಅಡುಗೆ ಚೆನ್ನಾಗಿ ಬಂದವರ ಮನೆಯದು ಏನೂ ಉಳಿದಿಲ್ಲ, ಸೀಯಿಸಿದವರದ್ದೇ ದಾಖಲೆ. ಅನ್ಯಾಯ ಅಲ್ವಾ?

ಕರಕಲು_ಕಾಳು · 7:55
ನಗಬೇಡಿ, ಅದೇ ನಮ್ಮ ದೊಡ್ಡ ತಲೆನೋವು. ಕಾಳಿನ ಮನೆಯಲ್ಲಿ ಒಲೆ ಇರುತ್ತದೆ, ಹುರಿಯುವಾಗ ನಾಲ್ಕು ಕಾಳು ಬೆಂಕಿಗೆ ಹಾರುತ್ತವೆ. ಸೊಪ್ಪನ್ನು ಯಾರು ಸುಡುತ್ತಾರೆ? ಹಣ್ಣಿನ ತಿರುಳು, ಜೇನು, ಅಣಬೆ, ಹಾಲು, ಇವೆಲ್ಲ ಕರಕಲಿನಲ್ಲಿ ಕಾಣುವುದೇ ಅಪರೂಪ. ಕರಕಲು ಮಾತ್ರ ನೋಡಿದರೆ ಹಳಬರೆಲ್ಲ ಬರೀ ಕಾಳು ತಿಂದು ಬದುಕಿದರು ಅನ್ನಿಸುತ್ತದೆ. ಮೂಳೆ ಮಾತ್ರ ನೋಡಿದರೆ ಬರೀ ಮಾಂಸ.

ಎರಡನೇ_ಬೆಂಚು · 8:30
ನಾನು ಇನ್ನೂ ಓದುತ್ತಿರುವವನು. ಫೈಟೋಲಿತ್ ಬಗ್ಗೆ ಯಾರೂ ಹೇಳಲಿಲ್ಲ? ಗಿಡ ನೀರಿನ ಜೊತೆ ಸಿಲಿಕಾ ಹೀರಿಕೊಂಡು ಜೀವಕೋಶದಲ್ಲಿ ತುಂಬಿಕೊಳ್ಳುತ್ತದೆ. ಗಿಡ ಕೊಳೆತುಹೋದರೂ ಆ ಗಾಜಿನ ಅಚ್ಚು ಮಣ್ಣಲ್ಲಿ ಉಳಿಯುತ್ತದೆ. ಬೆಂಕಿಗೂ ಅಷ್ಟಾಗಿ ಬಗ್ಗುವುದಿಲ್ಲ. ಬಾಳೆಯದು ಜ್ವಾಲಾಮುಖಿ ಬಾಯಿಯ ಹಾಗೆ ನಡುವೆ ಕುಳಿ ಇರುವ ಆಕಾರ. ಪಪುವಾ ನ್ಯೂಗಿನಿಯ ಕುಕ್ ಅನ್ನುವ ಜೌಗುಪ್ರದೇಶದಲ್ಲಿ 6,500 ವರ್ಷಕ್ಕೂ ಹಿಂದೆ ಬಾಳೆ ಬೆಳೆಯುತ್ತಿದ್ದರು ಅಂತ ಹೇಳಿದ್ದು ಇವನ್ನು ನೋಡಿಯೇ. ಬಾಳೆಹಣ್ಣು ತಿಂದದ್ದಕ್ಕೆ ಇದು ಗಟ್ಟಿ ಪುರಾವೆ ಅಲ್ವಾ?

ಸಂಶಯಪ್ಪ · 8:41
ತಮ್ಮಾ, ಆ ಕುಳಿ ಇರುವ ಕಣ ಗಿಡದ ಯಾವ ಭಾಗದ್ದು?

ಎರಡನೇ_ಬೆಂಚು · 8:52
ಎಲೆಯದು... ಓಹ್.

ಸಂಶಯಪ್ಪ · 8:53
ಎಲೆ ಹಾಸಿರಬಹುದು, ಸುತ್ತಿರಬಹುದು, ಸೂರಿಗೆ ಹೊದಿಸಿರಬಹುದು. ಗಿಡ ಇತ್ತು ಅನ್ನೋದು ಪಕ್ಕಾ. ಹಣ್ಣು ತಿಂದರು ಅನ್ನೋದು ಊಹೆ, ಒಳ್ಳೇ ಊಹೆ.

ಜರಡಿ_ಅಕ್ಕ · 9:05
ಇದು ಸರಿಯಾದ ಪ್ರಶ್ನೆ. ಕುಕ್‌ನಲ್ಲಿ ಕಾಲುವೆ, ದಿಬ್ಬ ತೋಡಿದ ಗುರುತುಗಳೂ ಇವೆ. ಅದಕ್ಕೇ "ಬೆಳೆಯುತ್ತಿದ್ದರು" ಅನ್ನುವ ಮಾತಿಗೆ ತೂಕ. ತಮ್ಮಾ, ಬೇಜಾರು ಮಾಡಿಕೊಳ್ಳಬೇಡ. ಇನ್ನೊಂದೂ ನೆನಪಿಟ್ಟುಕೋ: ಹುಲ್ಲಿನ ಜಾತಿಗಳಲ್ಲಿ ಫೈಟೋಲಿತ್ ಧಾರಾಳ, ಆಲೂಗಡ್ಡೆಯಂಥ ಎಷ್ಟೋ ಗೆಡ್ಡೆಗಳಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಗೆಡ್ಡೆಗೆ ಪಿಷ್ಟವೇ ಗತಿ.

ಅರ್ಧಜ್ಞಾನಿ · ಮಧ್ಯಾಹ್ನ 1:10
ಅಬ್ಬಾ, ಇಷ್ಟು ಉತ್ತರ ಬರುತ್ತವೆ ಅಂದುಕೊಂಡಿರಲಿಲ್ಲ. ಭಾವನಿಗೆ ಲಿಂಕ್ ಕಳಿಸಿದೆ. "ಆ ಸಂಶಯಪ್ಪ ಯಾರೋ ಬುದ್ಧಿವಂತ" ಅಂದರು, ಅಷ್ಟೇ.

ನೂಲುಬಾಲ · 1:32
ನಾಲ್ಕು ಸಾವಿರ ವರ್ಷದ ನೂಡಲ್ಸ್ ಕಥೆ ಇನ್ನೂ ಯಾಕೆ ಬಂದಿಲ್ಲ? ಚೀನಾದ ಲಾಜಿಯಾ. ಭೂಕಂಪ, ಪ್ರವಾಹದಲ್ಲಿ ಮುಚ್ಚಿಹೋದ ಊರು. ಬೋರಲು ಬಿದ್ದ ಬಟ್ಟಲನ್ನು ಎತ್ತಿದರೆ ಅಡಿಯಲ್ಲಿ ಹಳದಿ ಬಣ್ಣದ ಎಳೆಗಳು, 50 ಸೆಂಟಿಮೀಟರಿನಷ್ಟು ಉದ್ದ. 2005ರಲ್ಲಿ ನೇಚರ್ ಪತ್ರಿಕೆಯಲ್ಲೇ ಬಂತು. ಪಿಷ್ಟ, ಫೈಟೋಲಿತ್ ಎರಡನ್ನೂ ನೋಡಿ ನವಣೆ, ಬರಗು ಅಂತ ಹೇಳಿದರು. ಇದಕ್ಕಿಂತ ಸಾಕ್ಷಿ ಬೇಕಾ? ಕಣ್ಣಿಗೇ ಕಂಡಿದೆ!

ಸಂಶಯಪ್ಪ · 1:40
ಬಂದಿರಾ, ಕಾಯುತ್ತಿದ್ದೆ.

ನವಣೆ, ಬರಗಿನಲ್ಲಿ ಗೋಧಿಯ ಹಾಗೆ ಎಳೆಯುವ ಅಂಟು ಇಲ್ಲ. ಎಳೆದರೆ ತುಂಡು ತುಂಡು. 50 ಸೆಂಟಿಮೀಟರ್ ಹೇಗೆ ಬಂತು? ಎರಡನೆಯದು, ಎಳೆಗಳು ಗಾಳಿ ತಾಗಿದ ಕೂಡಲೇ ಕೆಟ್ಟುಹೋದವು. ಪರೀಕ್ಷೆ ಮಾಡಿದ್ದು ಬಟ್ಟಲಿನಲ್ಲಿ ಉಳಿದ ಮಣ್ಣನ್ನು. ಆ ಊರಿನ ಮಣ್ಣಲ್ಲಿ ಎಲ್ಲಿ ಕೆದಕಿದರೂ ನವಣೆ ಸಿಗುತ್ತದಲ್ಲ, ನವಣೆ ಬೆಳೆಯುವವರ ಊರು ಅದು. ಮೂರನೆಯದನ್ನು ಜರಡಿ ಅಕ್ಕನೇ ನಿನ್ನೆ ಹೇಳಿಕೊಟ್ಟಿದ್ದಾರೆ. ಬೇಯಿಸಿದರೆ ಪಿಷ್ಟದ ಗುರುತು ಹೋಗುತ್ತದೆ ಅಂತ. ಹಾಗಿದ್ದ ಮೇಲೆ ಬೇಯಿಸಿದ ನೂಡಲ್ಸಿನಲ್ಲಿ ಗುರುತು ಹಿಡಿಯುವಂಥ ಪಿಷ್ಟ ಎಲ್ಲಿಂದ ಬಂತು?

ನೂಲುಬಾಲ · 1:58
ಎಳೆಯಲೇಬೇಕು ಅಂತ ಯಾರು ಹೇಳಿದ್ದು? ತೂತಿನ ಒರಳಲ್ಲಿ ಹಾಕಿ ಒತ್ತಿ ಇಳಿಸಬಹುದು. ಅದೇ ತಂಡದವರು ಆಮೇಲೆ ನವಣೆ ಹಿಟ್ಟನ್ನು ಒತ್ತಿ ಎಳೆ ತೆಗೆದು, ಬೇಯಿಸಿ, ಅದರಲ್ಲಿ ಏನು ಉಳಿಯುತ್ತದೆ ಅಂತ ತೋರಿಸಿದ್ದಾರೆ. ಸುಮ್ನೆ ಹಳೇ ಟೀಕೆಯನ್ನೇ ಉರು ಹೊಡೆಯಬೇಡಿ.

ಸಂಶಯಪ್ಪ · 2:03
ಮಾಡಲು ಸಾಧ್ಯ ಅಂತ ತೋರಿಸಿದರು. ಹಾಗೇ ಮಾಡಿದ್ದರು ಅಂತ ತೋರಿಸಿದ್ದು ಯಾವಾಗ? ಒತ್ತುವ ಒರಳು ಲಾಜಿಯಾದಲ್ಲಿ ಸಿಕ್ಕಿದೆಯಾ?

ನೂಲುಬಾಲ · 2:06
ಮರದ್ದಾದರೆ ಕೊಳೆತಿರುತ್ತದೆ ಸ್ವಾಮಿ!

ಸಂಶಯಪ್ಪ · 2:07
ಅನುಕೂಲಕ್ಕೆ ಬೇಕಾದದ್ದೆಲ್ಲ ಮರದ್ದೇ ಆಗಿರುತ್ತದೆ.

ಜರಡಿ_ಅಕ್ಕ · 2:30
ಇಬ್ಬರೂ ನೀರು ಕುಡಿಯಿರಿ. ಎಳೆಗಳು ಇದ್ದವು, ಫೋಟೋ ಇದೆ. ಅವು ಊಟದ್ದೇ ಅನ್ನುವುದೂ ನನಗೆ ಒಪ್ಪಿಗೆ. ಯಾವ ಹಿಟ್ಟಿನಿಂದ ಮಾಡಿದ್ದು ಅನ್ನುವುದರಲ್ಲಿ ನಾನು ಸಂಶಯಪ್ಪನವರ ಕಡೆ, ಯಾಕೆಂದರೆ ಎಳೆಯನ್ನೇ ಸ್ಲೈಡ್ ಮೇಲೆ ಇಟ್ಟು ನೋಡಿದ್ದಲ್ಲ. ಮಣ್ಣಿನಲ್ಲಿ ಸಿಕ್ಕಿದ್ದು ಮಣ್ಣಿನದೋ ಬಟ್ಟಲಿನದೋ ಹೇಳಬೇಕಾದರೆ ಬಟ್ಟಲಿನ ಆಚೆಯ ಮಣ್ಣನ್ನೂ ಅಷ್ಟೇ ಮುತುವರ್ಜಿಯಿಂದ ನೋಡಿ ಪಕ್ಕಪಕ್ಕ ಇಡಬೇಕು. ನಾನು ಹೊಸಬರಿಗೆ ಮೊದಲು ಕಲಿಸುವುದೇ ಇದು. ಪಾತ್ರೆಯ ಒಳಗಿನ ಮಣ್ಣು ಒಂದು ಚೀಲ, ಹೊರಗಿನದು ಒಂದು ಚೀಲ. ಎರಡನೇ ಚೀಲ ತರದೆ ಬಂದವರನ್ನು ವಾಪಸ್ ಕಳಿಸುತ್ತೇನೆ.

ನಿದ್ದೆಗೆಟ್ಟವ · 2:44
ಇಷ್ಟು ಓದಿ ಹಸಿವಾಯಿತು. ಯಾರಾದರೂ ಮಲದ ವಿಷಯ ಎತ್ತಿ, ಹಸಿವು ಹೋಗಲಿ.

ಕರಕಲು_ಕಾಳು · 2:50
ನೀನೇ ಕೇಳಿದ್ದು. ಇಂಗ್ಲೆಂಡಿನ ಯಾರ್ಕ್‌ನಲ್ಲಿ 1972ರಲ್ಲಿ ಬ್ಯಾಂಕ್ ಕಟ್ಟಡಕ್ಕೆ ಅಗೆಯುವಾಗ ವೈಕಿಂಗ್ ಕಾಲದ ಒಬ್ಬನ ಒಣಗಿದ ಮಲ ಇಡಿಯಾಗಿ ಸಿಕ್ಕಿತು. 20 ಸೆಂಟಿಮೀಟರ್! ಮಾಂಸ, ಹೊಟ್ಟಿನ ರೊಟ್ಟಿ ತಿಂದಿದ್ದ, ಹೊಟ್ಟೆಯಲ್ಲಿ ಜಂತುಹುಳದ ಮೊಟ್ಟೆ ಸಾವಿರಗಟ್ಟಲೆ. ಪ್ರದರ್ಶನಕ್ಕೆ ಇಟ್ಟಿದ್ದದ್ದು 2003ರಲ್ಲಿ ಬಿದ್ದು ಮೂರು ತುಂಡಾಯಿತು. ಅಂಟು ಹಾಕಿ ಸೇರಿಸಿದರು. ಅಂಟಿಸಿದವರ ಕೆಲಸ ನೆನೆಸಿಕೊ.

ನಿದ್ದೆಗೆಟ್ಟವ · 2:52
ಹಸಿವು ಹೋಯಿತು. ಧನ್ಯವಾದ.

ಜರಡಿ_ಅಕ್ಕ · 3:10
ತಮಾಷೆ ಇರಲಿ, ಈ ವಿಷಯದಲ್ಲಿ ಮಲಕ್ಕಿಂತ ನೇರ ಸಾಕ್ಷಿ ಇಲ್ಲ. ಬಾಯಿಗೆ ಹೋಗಿ, ಹೊಟ್ಟೆ ದಾಟಿ ಬಂದದ್ದು ಅದು. ಆಸ್ಟ್ರಿಯಾದ ಹಾಲ್‌ಸ್ಟಾಟ್ ಉಪ್ಪಿನ ಗಣಿಯಲ್ಲಿ ಗಣಿಗಾರರು ಬಿಟ್ಟುಹೋದದ್ದು ಉಪ್ಪಿನಿಂದಾಗಿ ಹಾಗೇ ಉಳಿದಿದೆ. ಸುಮಾರು 2,700 ವರ್ಷ ಹಳೆಯ ಒಂದರಲ್ಲಿ ನೀಲಿ ಚೀಸ್ ಮಾಡುವ ಬೂಸ್ಟು, ಬಿಯರ್ ಹುಳಿ ಬರಿಸುವ ಯೀಸ್ಟು ಎರಡರದ್ದೂ ಡಿಎನ್‌ಎ ಸಿಕ್ಕಿತು, 2021ರ ಸುದ್ದಿ. ನಾವು ಇಂಥದ್ದನ್ನು ನೆನೆಹಾಕುವುದು ಟ್ರೈಸೋಡಿಯಂ ಫಾಸ್ಫೇಟ್ ದ್ರಾವಣದಲ್ಲಿ. ಒಣಗಿದ್ದು ಮೆತ್ತಗಾಗುತ್ತದೆ. ವಾಸನೆಯೂ ವಾಪಸ್ ಬರುತ್ತದೆ, ಅಷ್ಟು ವರ್ಷವಾದರೂ! ಆವತ್ತು ಪಕ್ಕದ ಕೋಣೆಯವರು ನಮ್ಮ ಜೊತೆ ಮಾತು ಬಿಡುತ್ತಾರೆ.

ನಿರ್ವಾಹಕ · 3:15
ಕೆಲವರು ಊಟದ ಹೊತ್ತಿನಲ್ಲಿ ಓದುತ್ತಾರೆ. ದಯವಿಟ್ಟು ಹಲ್ಲಿಗೆ ವಾಪಸ್ ಹೋಗಿ.

ಬಣ್ಣದ_ಡಬ್ಬಿ · 4:20
ಹಲ್ಲು ಅಂದಿರಲ್ಲ, ನಾನು ಚಿತ್ರ ಬರೆಯುವವಳು, ನನಗೆ ಗೊತ್ತಿರುವುದು ಒಂದೇ ಕಥೆ. ಜರ್ಮನಿಯ ಡಾಲ್‌ಹೈಮ್‌ನ ಮಠದಲ್ಲಿ ಹೂತಿದ್ದ ಒಬ್ಬ ಸನ್ಯಾಸಿನಿ, ಸುಮಾರು ಸಾವಿರ ವರ್ಷದ ಹಿಂದಿನವರು. ಅವರ ಹಲ್ಲಿನ ಪಾಚಿಯಲ್ಲಿ ಪಿಷ್ಟ ಹುಡುಕುವುದಕ್ಕೆ ಹೋದ ಅನಿತಾ ರಾಡಿನಿ ಅವರಿಗೆ ನೀಲಿ ನೀಲಿ ಚುಕ್ಕೆ ಕಂಡವು. ಅದು ಲಾಪಿಸ್ ಲಾಜುಲಿ. ಆಗ ಅಫ್ಘಾನಿಸ್ತಾನದಿಂದ ಬರಬೇಕಾಗಿದ್ದ ಕಲ್ಲು, ತುಂಬಾ ದುಬಾರಿ. 2019ರಲ್ಲಿ ಪ್ರಕಟವಾಯಿತು. ಹೆಚ್ಚಿನಂಶ ಆಕೆ ಪುಸ್ತಕಕ್ಕೆ ಚಿತ್ರ ಬರೆಯುವಾಗ ಕುಂಚದ ತುದಿಯನ್ನು ಬಾಯಲ್ಲಿ ಚೂಪು ಮಾಡಿಕೊಳ್ಳುತ್ತಿದ್ದರು ಅಂತ ಹೇಳುತ್ತಾರೆ. ನಾನೂ ಇವತ್ತಿಗೂ ಹಾಗೇ ಮಾಡುತ್ತೇನೆ, ಅಮ್ಮನ ಹತ್ತಿರ ಬೈಸಿಕೊಳ್ಳುತ್ತೇನೆ.

ಹಲ್ಲುಡಾಕ್ಟ್ರು · 4:31
ಬಾಯೊಳಗೆ ಹೋಗುವುದೆಲ್ಲ ಊಟವಲ್ಲ ಅಂದೆನಲ್ಲ, ಇದಕ್ಕಿಂತ ಒಳ್ಳೇ ಉದಾಹರಣೆ ನನಗೂ ಸಿಗುತ್ತಿರಲಿಲ್ಲ. ಕುಂಚ ಚೀಪುವುದನ್ನು ಬಿಡಮ್ಮ.

ಬರೀ_ಓದುಗ · 5:05
ಓಟ್ಸಿಯ ಹೊಟ್ಟೆ? ಅದರಲ್ಲಿ ಅನುಮಾನಕ್ಕೆ ಜಾಗವೇ ಇಲ್ಲವಲ್ಲ. 1991ರಲ್ಲಿ ಆಲ್ಪ್ಸ್ ಹಿಮದಲ್ಲಿ ಹೆಪ್ಪುಗಟ್ಟಿದ ಶವವಾಗಿ ಸಿಕ್ಕವನು, 5,300 ವರ್ಷ ಹಳಬ. ಕಾಡುಮೇಕೆ, ಕೆಂಪು ಜಿಂಕೆ, ಐನ್‌ಕಾರ್ನ್ ಅನ್ನುವ ಹಳೇ ಗೋಧಿ ತಿಂದಿದ್ದ. ಅದಕ್ಕಿಂತ ಮಜಾ ಅಂದರೆ ಪರಾಗ. ಹಾಪ್ ಹಾರ್ನ್‌ಬೀಮ್ ಅನ್ನುವ ಮರದ ಪರಾಗ ಕರುಳಿನಲ್ಲಿತ್ತು, ಒಳಗಿನ ತಿರುಳು ಕೂಡ ಕೆಟ್ಟಿರಲಿಲ್ಲ. ಅಂದರೆ ಆಗಷ್ಟೇ ಉದುರಿದ್ದು, ಕುಡಿದ ನೀರಿನ ಜೊತೆಯೋ ಏನೋ ಒಳಗೆ ಹೋಗಿದೆ. ಆ ಮರ ಹೂ ಬಿಡುವುದು ವಸಂತದ ಕೊನೆಗೆ. ಅಲ್ಲಿಯವರೆಗೆ ಅವನು ಸತ್ತದ್ದು ಶರತ್ಕಾಲದಲ್ಲಿ ಅಂದುಕೊಂಡಿದ್ದರು. ಒಂದು ಪರಾಗ ಋತುವನ್ನೇ ಬದಲಾಯಿಸಿತು.

ಕರಕಲು_ಕಾಳು · 5:20
ಡೆನ್ಮಾರ್ಕಿನ ಟೋಲುಂಡ್ ಮನುಷ್ಯನನ್ನೂ ಸೇರಿಸಿ. 1950ರಲ್ಲಿ ಜೌಗಿನಲ್ಲಿ ಸಿಕ್ಕಿದ ದೇಹ, 2,400 ವರ್ಷದ ಹಿಂದಿನದು. ಕೊನೇ ಊಟ ಬಾರ್ಲಿ ಗಂಜಿ, ಜೊತೆಗೆ ಅಗಸೆ, ಕಳೆಗಿಡದ ಬೀಜ. 2021ರಲ್ಲಿ ಮತ್ತೆ ನೋಡಿದಾಗ ಮೀನೂ ಸಿಕ್ಕಿತು. ಪಾತ್ರೆಯ ತಳ ಹಿಡಿದು ಸೀದ ಚೂರು ಕೂಡ ಹೊಟ್ಟೆಯಲ್ಲಿದೆ!

1954ರಲ್ಲಿ ಬಿಬಿಸಿಯವರು ಈ ಗಂಜಿಯನ್ನು ಮತ್ತೆ ಮಾಡಿಸಿ ಇಬ್ಬರು ಪುರಾತತ್ವದವರಿಗೆ ಕುಡಿಸಿದರು. ಒಬ್ಬರು ಮಾರ್ಟಿಮರ್ ವೀಲರ್, ಹರಪ್ಪ ಅಗೆಸಿದವರೇ. ಇಬ್ಬರಿಗೂ ಅದು ಸೇರಲಿಲ್ಲ.

ಸಂಶಯಪ್ಪ · 5:34
ಸಾಯುವ ಮುಂಚಿನ ಒಂದು ಊಟ ಅದು. ನಾನು ಮದುವೆ ಮನೆಯಲ್ಲಿ ಉಂಡು ಬರುವಾಗ ಸತ್ತರೆ ದಿನಾ ಹಬ್ಬದೂಟ ಮಾಡುತ್ತಿದ್ದ ಅಂತ ಬರೆಯುತ್ತೀರಾ?

ಜರಡಿ_ಅಕ್ಕ · 5:52
ಅದಕ್ಕೇ ಮೂಳೆ ಬೇಕಾಗುವುದು. ಮೂಳೆಯ ಕೊಲಾಜೆನ್ ಅನ್ನುವ ಪ್ರೋಟೀನಿನಲ್ಲಿ ಇಂಗಾಲ, ಸಾರಜನಕದ ಐಸೋಟೋಪುಗಳನ್ನು (ಒಂದೇ ಧಾತುವಿನ ಬೇರೆ ಬೇರೆ ತೂಕದ ರೂಪಗಳು) ಅಳೆದರೆ ಹಲವು ವರ್ಷಗಳ ಊಟದ ಸರಾಸರಿ ಸಿಗುತ್ತದೆ. ಗಿಡ ತಿಂದವನಿಗಿಂತ, ಗಿಡ ತಿಂದ ಪ್ರಾಣಿಯನ್ನು ತಿಂದವನಲ್ಲಿ ಸಾರಜನಕ 15 ಅನ್ನುವ ಭಾರದ ರೂಪ ಜಾಸ್ತಿ. ಆದರೆ ಅದು ಯಾವ ಕಾಳು, ಯಾವ ಗೆಡ್ಡೆ ಅಂತ ಹೇಳುವುದಿಲ್ಲ. ಕಣಗಳು ಹೆಸರು ಹೇಳುತ್ತವೆ, ಎಷ್ಟು ಅಂತ ಹೇಳುವುದಿಲ್ಲ. ಪಾಚಿಯಲ್ಲಿ ಹತ್ತು ಬಾರ್ಲಿ ಕಣ, ಒಂದು ಗೆಡ್ಡೆ ಕಣ ಸಿಕ್ಕಿತು ಅಂತ ಬಾರ್ಲಿ ಹತ್ತು ಪಟ್ಟು ತಿಂದರು ಅನ್ನುವ ಹಾಗಿಲ್ಲ.

ಸಂಶಯಪ್ಪ · 6:01
ಈ ಮಾತನ್ನು ನಿಮ್ಮವರೆಲ್ಲ ವರದಿಯ ಮೊದಲ ಸಾಲಲ್ಲೇ ಬರೆದರೆ ನನಗೆ ಕೆಲಸವೇ ಇರುವುದಿಲ್ಲ. ಹರಿಯಾಣದ ಫರ್ಮಾನಾ ನೆನಪಿದೆಯಾ? ಹರಪ್ಪ ಕಾಲದ ಮಡಕೆ, ಹಲ್ಲಿನಲ್ಲಿ ಶುಂಠಿ, ಅರಿಶಿನದ ಪಿಷ್ಟ ಸಿಕ್ಕಿತು. ಕೆಲಸ ಚೆನ್ನಾಗಿತ್ತು. ಪತ್ರಿಕೆಯಲ್ಲಿ ಬಂದದ್ದು "4,000 ವರ್ಷ ಹಳೆಯ ಕರಿ" ಅಂತ. ಶುಂಠಿ ಎಲ್ಲಿ, ಕರಿ ಎಲ್ಲಿ?

ಜರಡಿ_ಅಕ್ಕ · 6:04
ಶೀರ್ಷಿಕೆ ಬರೆಯುವವರನ್ನು ಕೇಳಿ. ನಮ್ಮ ಕೈಯಲ್ಲಿ ಇಲ್ಲ.

ಗಿಡಮೂಲಿಕೆ · 6:30
ಸ್ಪೇನಿನ ಎಲ್ ಸಿಡ್ರಾನ್ ಗುಹೆಯ ನಿಯಾಂಡರ್ತಾಲ್ ಹಲ್ಲಿನಲ್ಲಿ ಕ್ಯಾಮೊಮೈಲ್ ಮತ್ತು ಯಾರೋ (yarrow) ಅನ್ನುವ ಗಿಡಗಳ ರಾಸಾಯನಿಕ ಸಿಕ್ಕಿದೆ, 2012. ಎರಡೂ ಕಹಿ, ಹೊಟ್ಟೆ ತುಂಬಿಸುವಂಥವಲ್ಲ. ಅಂದರೆ ಅವರಿಗೆ ಔಷಧಿ ಗೊತ್ತಿತ್ತು! ಇದು ನನಗೆ ಬಹಳ ಹೆಮ್ಮೆಯ ವಿಷಯ.

ಸಂಶಯಪ್ಪ · 6:41
ನಿಮಗ್ಯಾಕೆ ಹೆಮ್ಮೆ, ನೀವು ನಿಯಾಂಡರ್ತಾಲಾ? ಲಾರಾ ಬಕ್, ಕ್ರಿಸ್ ಸ್ಟ್ರಿಂಗರ್ ಅನ್ನುವ ಇಬ್ಬರು ಸಂಶೋಧಕರು ಇದಕ್ಕೆ ಇನ್ನೊಂದು ದಾರಿ ತೋರಿಸಿದ್ದಾರೆ. ಬೇಟೆಯಾಡಿದ ಪ್ರಾಣಿಯ ಹೊಟ್ಟೆಯಲ್ಲಿ ಅರೆ ಜೀರ್ಣವಾದ ಸೊಪ್ಪು ಇರುತ್ತದಲ್ಲ, ಅದನ್ನೂ ತಿನ್ನುವ ಬೇಟೆಗಾರ ಜನಾಂಗಗಳಿವೆ. ಆ ಗಿಡವನ್ನು ತಿಂದದ್ದು ಜಿಂಕೆಯೇ ಇರಬಹುದು. ವೈದ್ಯ ಜಿಂಕೆ.

ಗಿಡಮೂಲಿಕೆ · 6:50
ಇರಬಹುದು, ಇಲ್ಲದೆಯೂ ಇರಬಹುದು. ನಿಮ್ಮ ಹತ್ತಿರ ಜಿಂಕೆಯ ಸಾಕ್ಷಿ ಇದೆಯಾ? ನನ್ನ ಊಹೆಗೆ ಸಾಕ್ಷಿ ಕೇಳುವವರು ನಿಮ್ಮ ಊಹೆಗೂ ಕೊಡಬೇಕು.

ಜರಡಿ_ಅಕ್ಕ · 7:02
ಈ ಸಲ ಗಿಡಮೂಲಿಕೆಯವರಿಗೆ ಒಂದು ಅಂಕ.

ನಿದ್ದೆಗೆಟ್ಟವ · 7:15
ನಿಯಾಂಡರ್ತಾಲರು ಹುಳ ತಿನ್ನುತ್ತಿದ್ದರು ಅಂತಲೂ ಓದಿದೆ. ನಿಜಾನಾ?

ಜರಡಿ_ಅಕ್ಕ · 7:28
ತಿಂದಿರಬಹುದು ಅನ್ನುವ ವಾದ, 2025ರದ್ದು. ಅವರ ಮೂಳೆಯಲ್ಲಿ ಸಾರಜನಕ 15 ಎಷ್ಟು ಜಾಸ್ತಿ ಅಂದರೆ ಸಿಂಹ, ತೋಳದ ಸಾಲಿಗೆ ಸೇರಿಸುವಷ್ಟು. ಮನುಷ್ಯನ ದೇಹಕ್ಕೆ ಬರೀ ಮಾಂಸವೇ ಅಷ್ಟು ಒಗ್ಗುವುದಿಲ್ಲ. ಕೊಳೆತ ಮಾಂಸದ ಮೇಲೆ ಆದ ನೊಣದ ಮರಿಹುಳಗಳಲ್ಲಿ ಆ ಅಂಕಿ ತುಂಬಾ ಏರುತ್ತದೆ ಅಂತ ಅಳೆದು ನೋಡಿದ್ದಾರೆ. ಹುಳಬಿದ್ದ ಮಾಂಸ ತಿಂದಿದ್ದರೆ ಲೆಕ್ಕ ಸರಿಹೋಗುತ್ತದೆ ಅಂತ.

ನಿರ್ವಾಹಕ · 7:30
ನಾನು ಈಗ ತಾನೇ ತಟ್ಟೆ ಮುಂದೆ ಕೂತಿದ್ದೆ.

ಎರಡನೇ_ಬೆಂಚು · ಮಂಗಳವಾರ ರಾತ್ರಿ 8:12
ಅಕ್ಕಾ, ನಿನ್ನೆಯಿಂದ ತಲೆಯಲ್ಲಿ ಇದೇ ಓಡುತ್ತಿದೆ. ಮನೆಯಲ್ಲೇ ಮಾಡಿ ನೋಡಿದೆ. ತಮ್ಮನ ಹಳೇ ಆಟಿಕೆ ಮೈಕ್ರೋಸ್ಕೋಪ್, ಒಡೆದ ಮೊಬೈಲ್ ಪರದೆಯಿಂದ ಕಿತ್ತ ಪೋಲರೈಸರ್ ಹಾಳೆ ಎರಡು ತುಂಡು. ಒಂದನ್ನು ಸ್ಲೈಡ್ ಕೆಳಗೆ, ಇನ್ನೊಂದನ್ನು ಮೇಲೆ ಅಡ್ಡ ಇಟ್ಟೆ. ಆಲೂಗಡ್ಡೆ ಕೊಯ್ದ ಚಾಕುವಿನ ಮೇಲಿನ ಬಿಳಿ ನೀರನ್ನು ಒಂದು ಹನಿ ಹಾಕಿದೆ. ಶಿಲುಬೆ ಕಂಡಿತು! ನೀವು ಹೇಳಿದ ಹಾಗೇ. ನಡುವೆ ಅಲ್ಲ, ಒಂದು ತುದಿಗೆ ಸರಿದಿತ್ತು.

ಆಮೇಲೆ ಅದೇ ಬಿಳಿ ನೀರನ್ನು ಲೋಟಕ್ಕೆ ಹಾಕಿ ಕುದಿಸಿ ನೋಡಿದೆ. ಎಲ್ಲಾ ಮಾಯ, ಬರೀ ಕತ್ತಲು. ಉಗುರುಬೆಚ್ಚಗಿನದರಲ್ಲಿ ಇನ್ನೂ ಹೊಳೆಯುತ್ತಿದ್ದವು. ಫೋಟೋ ಮಸುಕಾಗಿದೆ, ಆಮೇಲೆ ಹಾಕುತ್ತೇನೆ.

ಜರಡಿ_ಅಕ್ಕ · 8:20
ಭೇಷ್! ತುದಿಗೆ ಸರಿದಿದ್ದನ್ನು ಗಮನಿಸಿದೆಯಲ್ಲ, ಆಲೂಗಡ್ಡೆಯ ಗುರುತೇ ಅದು. ಗೋಧಿ ಹಿಟ್ಟು ಹಾಕಿ ನೋಡು, ಶಿಲುಬೆ ನಡುವೆ ಇರುತ್ತದೆ. ಖಾಲಿ ಸ್ಲೈಡ್ ಮಾಡಿದೆಯಾ?

ಎರಡನೇ_ಬೆಂಚು · 8:24
ಮಾಡಿದೆ ಅಕ್ಕಾ. ಬರೀ ನೀರು ಹಾಕಿದ್ದು. ಅದರಲ್ಲೂ ಎರಡು ಹೊಳೆಯುತ್ತಿವೆ. ಶಿಲುಬೆ ನಡುವೆಯೇ ಇದೆ.

ಸಂಶಯಪ್ಪ · 8:25
ಅಡುಗೆಮನೆ ಕಟ್ಟೆ ಮೇಲೆ ಕೂತು ಮಾಡಿದೆ. ರೊಟ್ಟಿಗೆ ಹಿಟ್ಟು ಕಲಸಿದ ಜಾಗ. ಹೌದಾ?

ಎರಡನೇ_ಬೆಂಚು · 8:26
ಹೌದು. ನಿಮಗೆ ಹೇಗೆ ಗೊತ್ತಾಯ್ತು?